ಅಪೂರ್ವ ಪುಷ್ಪದ ಶೋಧ: ರಹಸ್ಯ ಕಾದಂಬರಿಯಲ್ಲಿ ಒಂದು ಜನಪದ ಆಶಯ

ದುರ್ಲಭವಾದ ಹೂವೊಂದನ್ನು ತರಲು ಹೊರಡುವುದು ಜನಪದ ಕಥೆಗಳಲ್ಲಿ ಬಹು ಹಳೆಯ ಆಶಯ. ವ್ಲಾದಿಮಿರ್ ಪ್ರಾಪ್ 1928ರಲ್ಲಿ ಗುರುತಿಸಿದ ‘ಕೊರತೆ’ ಹಾಗೂ ‘ನಿರ್ಗಮನ’ ಎಂಬ ಕ್ರಿಯೆಗಳು ಇಂತಹ ಕಥೆಗಳಿಗೆ ಸಹಜವಾಗಿ ಒಪ್ಪುತ್ತವೆ. ಈ ಆಶಯವು ಇತ್ತೀಚಿನ ಇಂಗ್ಲಿಷ್ ಜನಪ್ರಿಯ ಕಾದಂಬರಿಗಳಲ್ಲಿ ಎರಡು ಕಾಲಗಳ ರಹಸ್ಯಕಥನವಾಗಿ ರೂಪಾಂತರ ಹೊಂದಿದೆ. ಆಸ್ಟ್ರೇಲಿಯಾದ ಲೇಖಕಿ ಕೇಟ್ ನನ್ ಅವರ ‘ದಿ ಬಾಟನಿಸ್ಟ್ಸ್ ಡಾಟರ್’ (2018) ಇದಕ್ಕೊಂದು ನಿದರ್ಶನ.

ವರ್ತಮಾನದ ಸಿಡ್ನಿಯಲ್ಲಿ ಅಜ್ಜಿಯ ಮನೆಯನ್ನು ನವೀಕರಿಸುತ್ತಿರುವ ಅನ್ನಾಳಿಗೆ ಗೋಡೆಯೊಳಗೆ ಪೆಟ್ಟಿಗೆಯೊಂದು ದೊರೆಯುತ್ತದೆ. ಅದರಲ್ಲಿರುವುದು ದಿನಚರಿ, ಸಸ್ಯಗಳ ವರ್ಣಚಿತ್ರ, ಹಿಡಿಯಷ್ಟು ಬೀಜ. ಇನ್ನೊಂದು ಎಳೆಯಲ್ಲಿ, 1886ರಲ್ಲಿ, ಎಲಿಜಬೆತ್ ಎಂಬ ತರುಣಿ ಇಂಗ್ಲೆಂಡಿನಿಂದ ಚಿಲಿ ದೇಶಕ್ಕೆ ಹೊರಡುತ್ತಾಳೆ. ಅವಳು ಹುಡುಕುವ ಸಸ್ಯ ಕಾಯಲೂಬಲ್ಲದು, ಕೊಲ್ಲಲೂಬಲ್ಲದು. ಹಳೆಯ ಕಥೆ ಮುಂದಕ್ಕೂ ಹೊಸ ಕಥೆ ಹಿಂದಕ್ಕೂ ಚಲಿಸುವುದರಿಂದ ಓದುಗನಿಗೆ ಅನ್ನಾಳಿಗಿಂತ ಹೆಚ್ಚು ತಿಳಿದಿರುತ್ತದೆ. ಆದರೂ ಆ ಪೆಟ್ಟಿಗೆ ಗೋಡೆಯನ್ನು ಸೇರಿದ್ದು ಹೇಗೆಂಬ ಕುತೂಹಲ ಉಳಿಯುತ್ತದೆ. ಈ ಪ್ರಕಾರದ ಬಿಗಿಯೆಲ್ಲ ಇರುವುದು ಈ ಅಂತರದಲ್ಲಿಯೇ.

ಸಸ್ಯಬೇಟೆ ಎಂಬುದು ಬರಿಯ ಕಲ್ಪನೆಯಲ್ಲ. ಮಲೇರಿಯಾಕ್ಕೆ ಮದ್ದಾದ ಸಿಂಕೋನಾವನ್ನು ಬ್ರಿಟಿಷರು 1860ರ ಆಸುಪಾಸಿನಲ್ಲಿ ದಕ್ಷಿಣ ಅಮೆರಿಕದಿಂದ ತಂದು ನಮ್ಮ ನೆರೆಯ ನೀಲಗಿರಿಯಲ್ಲಿ ಬೆಳೆಸಿದರು. ಕಾದಂಬರಿಯ ಸಾಹಸದ ಹಿಂದೆ ಇಂತಹ ಸಾಗಣೆಯ ಚರಿತ್ರೆಯೇ ಇದೆ. ಗಿಡ ಯಾರ ನೆಲದ್ದು, ಅದರ ಗುಣವನ್ನು ಮೊದಲು ಅರಿತವರು ಯಾರು ಎಂಬ ಪ್ರಶ್ನೆಗಳಿಗೆ ದಿನಚರಿ ಬರೆದ ಕೈಯೊಂದೇ ಸಾಕ್ಷಿಯಾದರೆ ಸಾಲದು.

ಇಲ್ಲಿ ಎ.ಕೆ. ರಾಮಾನುಜನ್ ಸಂಗ್ರಹಿಸಿದ, ಹೂಬಿಡುವ ಮರವಾಗುವ ಹುಡುಗಿಯ ಕನ್ನಡ ಕಥೆಯನ್ನು ಹೋಲಿಸಿ ನೋಡಬಹುದು. ಅದರಲ್ಲಿ ಹೂವನ್ನು ದೂರದೇಶದಿಂದ ತರಬೇಕಿಲ್ಲ. ಉಗುರು ತಾಗದಂತೆ ಒಂದು ಬಿಂದಿಗೆ ನೀರೆರೆದರೆ ಹುಡುಗಿಯೇ ಮರವಾಗುತ್ತಾಳೆ; ಎಲೆಗೂ ರೆಂಬೆಗೂ ನೋವಾಗದಂತೆ ಹೂ ಬಿಡಿಸಬೇಕು. ನಾದಿನಿಯ ಗೆಳತಿಯರು ಕೊಂಬೆ ಮುರಿದಾಗ ಕೈಕಾಲಿಲ್ಲದ ದೇಹವಷ್ಟೇ ಉಳಿಯುತ್ತದೆ. ಕಾದಂಬರಿಯಲ್ಲಿ ಪೆಟ್ಟಿಗೆ ಮಾಡುವ ಕೆಲಸವನ್ನು ಇಲ್ಲಿ ಆ ದೇಹ ಮಾಡುತ್ತದೆ. ನಡೆದುದಕ್ಕೆಲ್ಲ ಅದೇ ಸಾಕ್ಷಿ. ಗಂಡ ಅದನ್ನು ಗುರುತಿಸಿ, ಮುರಿದುದನ್ನು ಕೂಡಿಸಿ, ನೀರೆರೆಯುತ್ತಾನೆ.