ನಾನ್-ಲೀಗ್ ಫುಟ್‌ಬಾಲ್: ಮೂರು ಮೈದಾನಗಳಲ್ಲಿ ಒಂದು ದಿನ

ನಮ್ಮ ಕಾಲೇಜಿನಲ್ಲಿ ಫುಟ್‌ಬಾಲ್ ನೋಡುವವರಿಗೆ ಲಿವರ್‌ಪೂಲ್, ಆರ್ಸೆನಲ್, ಮ್ಯಾಂಚೆಸ್ಟರ್ ಸಿಟಿ ಎಂಬ ಹೆಸರುಗಳು ಬಾಯಿಪಾಠ. ಆದರೆ ಇಂಗ್ಲೆಂಡಿನಲ್ಲಿ ಈ ದೊಡ್ಡ ಕ್ಲಬ್‌ಗಳ ಕೆಳಗೆ ನೂರಾರು ಸಣ್ಣ ಕ್ಲಬ್‌ಗಳಿವೆ. ಅವನ್ನು ‘ನಾನ್-ಲೀಗ್’ ಕ್ಲಬ್‌ಗಳು ಎನ್ನುತ್ತಾರೆ. ಏಪ್ರಿಲ್ ರಜೆಯಲ್ಲಿ ಶೆಫೀಲ್ಡ್‌ನ ಫುಪ್ಪುವಿನ ಮನೆಗೆ ಹೋಗಿದ್ದಾಗ ಒಂದು ಶನಿವಾರ ಫುಪ್ಪಾ ನನ್ನನ್ನು ಇಂಥ ಮೂರು ಮೈದಾನಗಳಿಗೆ ಕರೆದೊಯ್ದರು. ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಆಟಕ್ಕಿಂತ ಹೆಚ್ಚಾಗಿ ಒಂದು ಪ್ರಶ್ನೆ ಕಾಡಿತು: ಟಿ.ವಿ.ಯ ಹಣವಿಲ್ಲದೆ ಈ ಕ್ಲಬ್‌ಗಳು ಹೇಗೆ ಬದುಕುತ್ತವೆ?

ಮೊದಲು ಹೆಸರಿನ ಅರ್ಥ. ನಾನ್-ಲೀಗ್ ಎಂದರೆ ಲೀಗ್ ಇಲ್ಲದವರು ಎಂದಲ್ಲ. 1888ರಲ್ಲಿ 12 ಕ್ಲಬ್‌ಗಳು ಸೇರಿ ‘ಫುಟ್‌ಬಾಲ್ ಲೀಗ್’ ಕಟ್ಟಿದವು. ಅದರ ಹೊರಗೆ ಉಳಿದವರಿಗೆ ಈ ಹೆಸರು ಬಂತು. ಇಂದು ಪ್ರೀಮಿಯರ್ ಲೀಗ್‌ನ 20 ಮತ್ತು ಅದರ ಕೆಳಗಿನ ಮೂರು ವಿಭಾಗಗಳ 72, ಒಟ್ಟು 92 ಕ್ಲಬ್‌ಗಳು ಮೇಲಿನ ನಾಲ್ಕು ಮೆಟ್ಟಿಲುಗಳಲ್ಲಿವೆ. ಐದನೇ ಮೆಟ್ಟಿಲಿನಿಂದ ಕೆಳಗಿನದೆಲ್ಲ ನಾನ್-ಲೀಗ್. ಅವರಿಗೂ ತಮ್ಮದೇ ಲೀಗ್‌ಗಳು, ಬಡ್ತಿ, ಹಿಂಬಡ್ತಿ ಎಲ್ಲವೂ ಇವೆ. ಹಿಂದೆ ಐದನೇ ಮೆಟ್ಟಿಲಿನಲ್ಲಿ ಗೆದ್ದರೂ ಮೇಲೆ ಹೋಗಲು ಲೀಗ್‌ನ ಸದಸ್ಯ ಕ್ಲಬ್‌ಗಳ ಮತ ಬೇಕಿತ್ತು. 1987ರಲ್ಲಿ ಆ ಬಾಗಿಲು ತೆರೆಯಿತು. ಆದರೂ ಆಟ ಗೆದ್ದರಷ್ಟೇ ಸಾಲದು. ಫ್ಲಡ್‌ಲೈಟ್, ನೆರಳಿನ ಆಸನ, ಪ್ರೇಕ್ಷಕರ ಸ್ಥಳ ಇವೆಲ್ಲ ನಿಯಮದಂತೆ ಇರಬೇಕು. ಅಂದರೆ ಮೈದಾನವೂ ಪಾಸಾಗಬೇಕು.

ನಾವು ಮೊದಲು ಹೋದದ್ದು ಶೆಫೀಲ್ಡ್‌ನ ವಾಯವ್ಯಕ್ಕಿರುವ ಸ್ಟಾಕ್ಸ್‌ಬ್ರಿಜ್‌ಗೆ. ಅದು ಉಕ್ಕಿನ ಕಾರ್ಖಾನೆಯ ಊರು. ಕ್ಲಬ್‌ನ ಹೆಸರೇ ‘ಸ್ಟಾಕ್ಸ್‌ಬ್ರಿಜ್ ಪಾರ್ಕ್ ಸ್ಟೀಲ್ಸ್’. ಗುಡ್ಡದ ಮೇಲಿನ ಬ್ರ್ಯಾಕನ್ ಮೂರ್ ಮೈದಾನದ ಒಂದು ಸ್ಟ್ಯಾಂಡ್‌ಗೆ ಜೇಮಿ ವಾರ್ಡಿ ಹೆಸರಿದೆ. 16ನೇ ವಯಸ್ಸಿನಲ್ಲಿ ದೊಡ್ಡ ಕ್ಲಬ್ಬೊಂದು ಕೈಬಿಟ್ಟ ಈ ಹುಡುಗ ಇಲ್ಲಿ ವಾರಕ್ಕೆ 30 ಪೌಂಡ್‌ಗೆ ಆಡುತ್ತ, ಜೊತೆಗೆ ಕಾರ್ಖಾನೆಯಲ್ಲೂ ದುಡಿಯುತ್ತಿದ್ದ. 2010ರಲ್ಲಿ ಹ್ಯಾಲಿಫ್ಯಾಕ್ಸ್ ಕ್ಲಬ್ 15,000 ಪೌಂಡ್ ಕೊಟ್ಟು ಕೊಂಡಿತು. 2012ರಲ್ಲಿ ಫ್ಲೀಟ್‌ವುಡ್‌ನಿಂದ ಲೆಸ್ಟರ್ ಸಿಟಿಗೆ ಹೋದಾಗ ಬೆಲೆ 10 ಲಕ್ಷ ಪೌಂಡ್. 2016ರಲ್ಲಿ ಲೆಸ್ಟರ್ ಪ್ರೀಮಿಯರ್ ಲೀಗ್ ಗೆದ್ದಿತು. ಸಣ್ಣ ಕ್ಲಬ್‌ಗೆ ಆಟಗಾರನೂ ಒಂದು ಆದಾಯ. ಆದರೆ ವಾರ್ಡಿ ಪ್ರತಿ ವರ್ಷ ಸಿಗುವುದಿಲ್ಲವಲ್ಲ! ಆ ಆದಾಯ ನಂಬಿ ಬಜೆಟ್ ಮಾಡಲಾಗದು.

ಎರಡನೆಯದು ಕ್ರಾಸ್‌ಪೂಲ್ ಬಡಾವಣೆಯ ಸ್ಯಾಂಡಿಗೇಟ್ ಮೈದಾನ. ಇದು ಹ್ಯಾಲಮ್ ಕ್ಲಬ್‌ನ ಮನೆ. 1804ರಲ್ಲಿ ಕ್ರಿಕೆಟ್‌ಗಾಗಿ ಶುರುವಾದ ಈ ಜಾಗದಲ್ಲಿ 1860ರ ಡಿಸೆಂಬರ್ 26ರಂದು ಹ್ಯಾಲಮ್ ಮತ್ತು ಶೆಫೀಲ್ಡ್ ಕ್ಲಬ್‌ಗಳು ಫುಟ್‌ಬಾಲ್ ಆಡಿದವು. ಜಗತ್ತಿನ ಅತಿ ಹಳೆಯ ಫುಟ್‌ಬಾಲ್ ಮೈದಾನವೆಂದು ಗಿನ್ನೆಸ್ ದಾಖಲೆ ಇದಕ್ಕಿದೆ. ನಾನು ಏನೋ ದೊಡ್ಡ ಅರಮನೆ ಇರಬಹುದೆಂದುಕೊಂಡಿದ್ದೆ. ನೋಡಿದರೆ ಮನೆಗಳ ನಡುವೆ ಎದ್ದು ಕಾಣುವಷ್ಟು ಇಳಿಜಾರಾದ ಹುಲ್ಲಿನ ಮೈದಾನ, ಸುತ್ತ ಕಂಬಿ, ಒಂದು ಸಣ್ಣ ಸ್ಟ್ಯಾಂಡ್. ಅಷ್ಟೇ.

ಝುಹರ್ ನಮಾಜ್ ಮುಗಿಸಿ ಡ್ರಾನ್‌ಫೀಲ್ಡ್‌ಗೆ ಹೊರಟೆವು. ಅಲ್ಲಿ ಮೂರು ಗಂಟೆಗೆ ಶೆಫೀಲ್ಡ್ ಎಫ್.ಸಿ. ಪಂದ್ಯವಿತ್ತು. 1857ರ ಅಕ್ಟೋಬರ್ 24ರಂದು ಹುಟ್ಟಿದ ಇದು ಜಗತ್ತಿನ ಅತಿ ಹಳೆಯ ಫುಟ್‌ಬಾಲ್ ಕ್ಲಬ್. 2004ರಲ್ಲಿ ಫಿಫಾ ತನ್ನ ‘ಆರ್ಡರ್ ಆಫ್ ಮೆರಿಟ್’ ಗೌರವ ಕೊಟ್ಟ ಎರಡೇ ಕ್ಲಬ್‌ಗಳು ರಿಯಲ್ ಮ್ಯಾಡ್ರಿಡ್ ಮತ್ತು ಇದು. ಆದರೆ ಪ್ರೇಕ್ಷಕರು ಕೆಲವು ನೂರು ಮಂದಿ ಮಾತ್ರ. ಟಿಕೆಟ್ ಕೊಡುವವರು, ಚಹಾ ಮಾಡುವವರು ಬಹಳಷ್ಟು ಮಂದಿ ಸಂಬಳವಿಲ್ಲದ ಸ್ವಯಂಸೇವಕರು. ಆಟಗಾರರು ಮಾತಾಡಿಕೊಳ್ಳುವುದು ಕಂಬಿಯ ಪಕ್ಕ ನಿಂತ ನಮಗೆ ಕೇಳಿಸುತ್ತಿತ್ತು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಅಕೌಂಟೆನ್ಸಿಯಲ್ಲಿ ನಾವು ಸ್ಪೋರ್ಟ್ಸ್ ಕ್ಲಬ್‌ನ ರಿಸೀಟ್ಸ್ ಅಂಡ್ ಪೇಮೆಂಟ್ಸ್ ಅಕೌಂಟ್ ಮಾಡುತ್ತೇವಲ್ಲ, ಇದು ಅದರ ಜೀವಂತ ಉದಾಹರಣೆ. ಜಮಾ ಬದಿಯಲ್ಲಿ ಟಿಕೆಟ್, ಸದಸ್ಯರ ಚಂದಾ, ಅಂಗಡಿಗಳ ಜಾಹೀರಾತು ಫಲಕ, ಎಫ್.ಎ. ಕಪ್ ಗೆಲುವಿನ ಬಹುಮಾನ, ಕ್ಲಬ್‌ಹೌಸ್‌ನ ವ್ಯಾಪಾರ. ಆ ವ್ಯಾಪಾರದಲ್ಲಿ ಮದ್ಯದ ಪಾಲೂ ಇದೆ. ನಾವು ಚಹಾ ಕುಡಿದೆವು. ಖರ್ಚಿನ ಬದಿಯಲ್ಲಿ ಆಟಗಾರರ ಹಣ, ಬಸ್ಸು, ರೆಫರಿ ಶುಲ್ಕ, ವಿದ್ಯುತ್, ಹುಲ್ಲಿನ ನಿರ್ವಹಣೆ. ಮಳೆ ಬಂದು ಪಂದ್ಯ ನಿಂತರೆ ಜಮಾ ನಿಲ್ಲುತ್ತದೆ, ಖರ್ಚು ನಿಲ್ಲುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಆಸ್ತಿ ಮೈದಾನ. ಭೂಮಿಗೆ ಸವಕಳಿ ಇಲ್ಲ ಎಂದು ನಮಗೆ ಕಲಿಸುತ್ತಾರೆ. ಆದರೆ ಭೂಮಿಯೇ ಇಲ್ಲದಿದ್ದರೆ? ಶೆಫೀಲ್ಡ್ ಎಫ್.ಸಿ.ಗೆ ಸ್ವಂತ ಮೈದಾನ ಸಿಕ್ಕಿದ್ದು 2001ರಲ್ಲಿ, ಹುಟ್ಟಿದ 144 ವರ್ಷಗಳ ಮೇಲೆ. ಅದೂ ತನ್ನ ನಗರದ ಹೊರಗೆ. 2011ರಲ್ಲಿ ಕ್ಲಬ್ ತನ್ನ ಮೊದಲ ನಿಯಮಗಳ ಕೈಬರಹದ ಪುಸ್ತಕ ಮತ್ತು ದಾಖಲೆಗಳನ್ನು ಲಂಡನ್‌ನಲ್ಲಿ ಹರಾಜಿಗಿಟ್ಟಿತು. 8,81,250 ಪೌಂಡ್ ಬಂತು. ಮನೆ ಉಳಿಸಲು ಅಮ್ಮನ ಒಡವೆ ಮಾರುವುದಕ್ಕೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ.

ಲೆಕ್ಕ ತಪ್ಪಿದರೆ ದೊಡ್ಡವರೂ ಬೀಳುತ್ತಾರೆ. 1885ರಲ್ಲಿ ಹುಟ್ಟಿ ಎರಡು ಬಾರಿ ಎಫ್.ಎ. ಕಪ್ ಗೆದ್ದಿದ್ದ ಬರಿ ಕ್ಲಬ್ಬನ್ನು 2019ರ ಆಗಸ್ಟ್‌ನಲ್ಲಿ ಹಣದ ಮುಗ್ಗಟ್ಟಿನಿಂದಾಗಿ ಲೀಗ್‌ನಿಂದ ಹೊರಹಾಕಲಾಯಿತು. ಅಭಿಮಾನಿಗಳು ಬಿಡಲಿಲ್ಲ. ಅವರ ಗಿಗ್ ಲೇನ್ ಮೈದಾನ ಉಳಿಯಿತು. 2023ರಲ್ಲಿ ತಂಡ ಮತ್ತೆ ಅಲ್ಲೇ ಆಡತೊಡಗಿತು, ಆದರೆ ನಾನ್-ಲೀಗ್‌ನ ಕೆಳಗಿನ ಮೆಟ್ಟಿಲಿನಿಂದ.

“ಮೈದಾನ್ ಅಪ್ನಾ ಹೋ, ತೋ ಟೀಮ್ ಫಿರ್ ಬನ್ ಜಾತೀ ಹೈ” ಎಂದು ಫುಪ್ಪಾ ಹೇಳಿದ್ದರು. ಮೈದಾನ ನಮ್ಮದಾಗಿದ್ದರೆ ತಂಡ ಮತ್ತೆ ಕಟ್ಟಬಹುದು. ನಮ್ಮ ಊರುಗಳಲ್ಲೂ ಆಡುವ ಹುಡುಗರಿಗೆ ಕೊರತೆಯಿಲ್ಲ, ಖಾಲಿ ಜಾಗಕ್ಕೆ ಕೊರತೆ. ಸೈಟು, ಪಾರ್ಕಿಂಗ್, ಕಟ್ಟಡ ಎಂದು ಮೈದಾನ ಚಿಕ್ಕದಾಗುತ್ತಾ ಹೋಗುವಾಗ ಯಾರೂ ಅದನ್ನು ನಷ್ಟವೆಂದು ಬರೆದಿಡುವುದಿಲ್ಲ. ಬರೆದಿಡಬೇಕು. ಹೊಸ ಜೆರ್ಸಿಗೆ ಚಂದಾ ಎತ್ತುವ ಮೊದಲು, ನಾವು ಆಡುವ ಜಾಗ ಯಾರದು, ಅದು ಎಷ್ಟು ವರ್ಷ ಉಳಿಯುತ್ತದೆ ಎಂದು ಕೇಳುವುದು ಒಳ್ಳೆಯದು.