ಔಷಧಪ್ರತಿನಿಧಿಯ ಉದ್ಯೋಗ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ವೈದ್ಯರ ಬಾಗಿಲಿನಲ್ಲಿ, ಮಳೆಗಾಲದಲ್ಲಿಯೂ ಚೀಲ ಹಿಡಿದು ಕಾದಿರುವ ಔಷಧಪ್ರತಿನಿಧಿಗಳನ್ನು ವಾಚಕರು ಕಂಡೇ ಇರುವರು. ಮಾರಾಟದ ಗುರಿ ತಪ್ಪಿದೊಡನೆ ರಾಜೀನಾಮೆ ಬರೆದುಕೊಡೆಂದು ಒತ್ತಾಯಿಸುವುದು ಈ ವೃತ್ತಿಯಲ್ಲಿ ಹೊಸತಲ್ಲ. ಬರೆದುಕೊಟ್ಟವನು ತಾನಾಗಿಯೇ ಬಿಟ್ಟವನೆನಿಸುವನು. ತೆಗೆಯಲ್ಪಟ್ಟವನಿಗೆ ಪ್ರತಿ ಪೂರ್ಣ ವರ್ಷಕ್ಕೆ ಸಲ್ಲುವ 15 ದಿನಗಳ ವೇತನವು ಅವನ ಕೈತಪ್ಪುವ ಭಯವುಂಟು. ಅವಸರದ ಸಹಿಯನ್ನು ಮನೆಯವರು ತಡೆಯಬೇಕು.

ಇವರಿಗೆ ನೇಮಕಪತ್ರ ಕೊಡಲೇಬೇಕೆಂದು 1976ರ ಶಾಸನವು ವಿಧಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳೂ ಹಾಗೆಯೇ ಹೇಳುತ್ತವೆ. ಅವಧಿಯನ್ನು ಗೊತ್ತುಮಾಡಿ ನೇಮಿಸಿಕೊಂಡವನಿಗೂ ಒಂದು ವರ್ಷದ ಸೇವೆಯಾದರೆ ಗ್ರಾಚ್ಯುಟಿ ದೊರೆಯುವುದು. ಆದರೆ ಅವಧಿ ತೀರಿದ ಮೇಲೆ ಕೈಬಿಟ್ಟರೆ ಆ ವಜಾಪರಿಹಾರವಿಲ್ಲ. ಇದು ನನಗೆ ನ್ಯಾಯವೆಂದು ತೋರುವುದಿಲ್ಲ.

ಕರಾರಿನ ಸಂಬಳವನ್ನು ನಂಬಿ ಅಡಿಕೆ ತೋಟದ ಮೇಲೆ ಸಾಲವೆತ್ತುವುದು ಬೇಡ. ನೇಮಕಪತ್ರ, ಸಂಬಳದ ಚೀಟಿ, ಪ್ರವಾಸಭತ್ಯದ ಲೆಕ್ಕ, ಇವುಗಳ ಪ್ರತಿಗಳನ್ನು ಮನೆಯ ಪೆಟ್ಟಿಗೆಯಲ್ಲಿರಿಸಿರಿ.