ಹಸುಗೂಸಿನ ಕಿವಿಗೆ ಮಾತು ಬೀಳಲಿ

‘ಹುಟ್ಟಿದ ಮಗುವಿಗೆ ಏನು ತಿಳಿಯುತ್ತದೆ? ಹಾಲು, ಅಳು, ನಿದ್ದೆ ಇಷ್ಟೇ ಅದರ ಪ್ರಪಂಚ’ ಎಂದು ಭಾವಿಸುವವರು ಬಹಳ. ತೊಟ್ಟಿಲ ಕೂಸಿನೊಂದಿಗೆ ಒಂದೇ ಸಮನೆ ಮಾತನಾಡುವ ಅಜ್ಜಿಯನ್ನು ಕಂಡು ಮನೆಯವರು ನಗುವುದೂ ಉಂಟು. ಆದರೆ ವೈದ್ಯವಿಜ್ಞಾನ ಅಜ್ಜಿಯ ಪರವಾಗಿದೆ. ಕೂಸಿಗೆ ಮಾತು ಬರದಿದ್ದರೂ ಅದರ ಮೆದುಳು ಮೊದಲ ದಿನದಿಂದಲೇ ಮಾತನ್ನು ಕೇಳಿ ವಿಂಗಡಿಸುತ್ತಿರುತ್ತದೆ.

ಗರ್ಭದಲ್ಲೇ ಆರಂಭ

ಆರು ತಿಂಗಳು ತುಂಬುವ ವೇಳೆಗೆ ಗರ್ಭಸ್ಥ ಶಿಶುವಿನ ಒಳಕಿವಿ ಕೆಲಸ ಮಾಡತೊಡಗುತ್ತದೆ. ಹೊರಗಿನ ಮಾತು ಗೋಡೆಯಾಚೆಯ ಮಾತಿನಂತೆ ಮಂದವಾಗಿ ಕೇಳಿಸುತ್ತದೆ. ಅಕ್ಷರಗಳು ಸ್ಪಷ್ಟವಾಗದಿದ್ದರೂ ಮಾತಿನ ಏರಿಳಿತ, ಲಯ ಶಿಶುವನ್ನು ಮುಟ್ಟುತ್ತವೆ. ತಾಯಿಯ ಧ್ವನಿ ಆಕೆಯ ಶರೀರದ ಮೂಲಕವೂ ಹಾದು ಬರುವುದರಿಂದ ಹೆಚ್ಚು ಚೆನ್ನಾಗಿ ತಲುಪುತ್ತದೆ.

1980ರಲ್ಲಿ ಅಮೆರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ವಿಜ್ಞಾನಿಗಳು ಹುಟ್ಟಿ ಮೂರು ದಿನವೂ ಆಗದ ಶಿಶುಗಳ ಬಾಯಿಗೆ ರಬ್ಬರ್ ನಿಪ್ಪಲ್ ಇಟ್ಟು ಪರೀಕ್ಷಿಸಿದರು. ಒಂದು ಬಗೆಯಲ್ಲಿ ಚೀಪಿದರೆ ತಾಯಿಯ ಧ್ವನಿ, ಇನ್ನೊಂದು ಬಗೆಯಲ್ಲಿ ಚೀಪಿದರೆ ಬೇರೊಬ್ಬ ಹೆಂಗಸಿನ ಧ್ವನಿ ಕೇಳಿಸುವ ಏರ್ಪಾಟು. ಶಿಶುಗಳು ತಾಯಿಯ ಧ್ವನಿ ಕೇಳಿಸುವಂತೆ ತಾವು ಚೀಪುವ ರೀತಿಯನ್ನೇ ಬದಲಿಸಿಕೊಂಡವು!

2003ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ನವಜಾತ ಶಿಶುಗಳ ಮೆದುಳಿನ ರಕ್ತಸಂಚಾರವನ್ನು ಬೆಳಕಿನ ಕಿರಣಗಳ ಸಹಾಯದಿಂದ ಅಳೆಯಲಾಯಿತು. ಮಾತು ಕೇಳಿಸಿದಾಗ ಮೆದುಳಿನ ಎಡಭಾಗ ಹೆಚ್ಚು ಚುರುಕಾಯಿತು. ಅದೇ ಧ್ವನಿಮುದ್ರಣವನ್ನು ಕೊನೆಯಿಂದ ಮೊದಲಿಗೆ ತಿರುಗಿಸಿ ಕೇಳಿಸಿದಾಗ ಅಷ್ಟು ಚುರುಕು ಕಾಣಲಿಲ್ಲ. ನಮ್ಮ ನಿಮ್ಮಲ್ಲಿ ಹೆಚ್ಚಿನವರಿಗೂ ಮಾತಿನ ಕೇಂದ್ರಗಳಿರುವುದು ಎಡಭಾಗದಲ್ಲೇ.

‘ತ’ ಮತ್ತು ‘ಟ’

ನಮಗೆ ‘ತ’ ಬೇರೆ, ‘ಟ’ ಬೇರೆ. ಇಂಗ್ಲಿಷ್ ಮಾತ್ರ ಬಲ್ಲ ದೊಡ್ಡವರಿಗೆ ಈ ವ್ಯತ್ಯಾಸ ಸುಲಭವಾಗಿ ತಿಳಿಯದು. ಆದರೆ ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು ಹಿಂದಿಯ ಈ ಎರಡು ಧ್ವನಿಗಳನ್ನು ಗುರುತಿಸುತ್ತವೆ ಎಂದು ಕೆನಡಾದ ವರ್ಕರ್ ಮತ್ತು ಟೀಸ್ 1984ರಲ್ಲಿ ತೋರಿಸಿದರು. ವರ್ಷ ತುಂಬುವ ಹೊತ್ತಿಗೆ ಆ ಕೂಸುಗಳಲ್ಲಿ ಹೆಚ್ಚಿನವು ಈ ಶಕ್ತಿಯನ್ನು ಕಳೆದುಕೊಂಡಿದ್ದವು. ಹಿಂದಿ ಮನೆಯ ಮಕ್ಕಳಲ್ಲಿ ಅದು ಉಳಿದಿತ್ತು. ಕಿವಿಗೆ ಬಿದ್ದದ್ದನ್ನು ಉಳಿಸಿಕೊಂಡು, ಬೀಳದ್ದನ್ನು ಕೈಬಿಡುವುದು ಮೆದುಳಿನ ಸ್ವಭಾವ.

ಏನೂ ಕೇಳಿಸದಿದ್ದರೆ?

ಹುಟ್ಟುವ ಸಾವಿರ ಮಕ್ಕಳಲ್ಲಿ ಒಂದರಿಂದ ಮೂರು ಮಕ್ಕಳಿಗೆ ಗಣನೀಯ ಕಿವುಡುತನ ಇರುತ್ತದೆ. ಅಂಥ ಮಗುವಿನ ಪಾಲಿಗೆ ಈ ಅಮೂಲ್ಯ ತಿಂಗಳುಗಳು ಮೌನದಲ್ಲೇ ಕಳೆದುಹೋಗುತ್ತವೆ. ‘ಅವರ ಅಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂದು ಕಾಯುತ್ತ ಕೂರುವುದು ಸಲ್ಲದು. ಬಡಿದ ತಟ್ಟೆಯ ಸದ್ದಿಗೆ ಬೆಚ್ಚುವ ಮಗುವಿಗೂ ಮಾತು ಕೇಳಿಸದೇ ಇರಬಹುದು. ಕಿವುಡು ಮಗುವೂ ಮೊದಲ ತಿಂಗಳುಗಳಲ್ಲಿ ‘ಆ’, ‘ಊ’ ಎನ್ನುತ್ತದೆ. ಆದ್ದರಿಂದ ಮನೆಯ ಪರೀಕ್ಷೆಯನ್ನು ನಂಬಬೇಡಿ.

ಮಗುವಿಗೆ ತಿಂಗಳು ತುಂಬುವುದರೊಳಗೆ ಓ.ಎ.ಇ. ಎಂಬ ಸರಳ ಪರೀಕ್ಷೆ ಮಾಡಿಸಿ. ಇದರಲ್ಲಿ ನೋವಿಲ್ಲ, ಮಲಗಿದ ಮಗುವಿಗೇ ಮಾಡಬಹುದು. ಸಂದೇಹ ಉಳಿದರೆ ಬೇರಾ ಪರೀಕ್ಷೆಯೊಂದಿಗೆ ಮೂರು ತಿಂಗಳೊಳಗೆ ನಿರ್ಣಯವಾಗಬೇಕು; ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಆರಂಭವಾಗಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆಲ್ಲ ಸೌಲಭ್ಯವಿದೆ. ಅವಧಿಗೆ ಮುನ್ನ ಹುಟ್ಟಿದ, ತೀವ್ರ ಕಾಮಾಲೆಯಾದ, ಗರ್ಭಿಣಿಗೆ ರುಬೆಲ್ಲಾ ತಗುಲಿದ ಹಾಗೂ ರಕ್ತಸಂಬಂಧದ ಮದುವೆಯಲ್ಲಿ ಹುಟ್ಟಿದ ಮಕ್ಕಳ ಬಗ್ಗೆ ವಿಶೇಷ ಎಚ್ಚರ ಬೇಕು.

ಉಳಿದಂತೆ ಔಷಧಿ, ಟಾನಿಕ್ ಏನೂ ಬೇಡ. ಹಾಲೂಡಿಸುವಾಗ, ನೀರೆರೆಯುವಾಗ, ಬಟ್ಟೆ ತೊಡಿಸುವಾಗ ಮಗುವಿನ ಮುಖ ನೋಡಿ ಮಾತನಾಡಿ. ಮನೆಯಲ್ಲಿ ಎರಡು ಭಾಷೆಯಿದ್ದರೆ ಎರಡೂ ಇರಲಿ, ಗೊಂದಲವಾಗದು. ಆದರೆ ಆ ಕೆಲಸವನ್ನು ಟಿ.ವಿ., ಮೊಬೈಲ್‌ಗಳಿಗೆ ಒಪ್ಪಿಸಬೇಡಿ. ಕೂಸು ಮಾತು ಕಲಿಯುವುದು ಮನುಷ್ಯರಿಂದ.